ಮೊಹರು ಮತ್ತು ಬೀಗದ ಕೈ

ಕಳೆದ ತಿಂಗಳ ಒಂದು ಸೋಮವಾರ. ಬೆಳಗಿನ ನಡಿಗೆಗೆಂದು ಕಪಿಲೆಯ ಸೋಪಾನಕಟ್ಟೆಯವರೆಗೆ ಹೋಗಿ, ದೂರದಿಂದಲೇ ಶ್ರೀಕಂಠೇಶ್ವರನ ಗೋಪುರಕ್ಕೆ ಕೈಮುಗಿದು ಮನೆಗೆ ಬಂದು ಕಾಫಿ ಲೋಟ ಕೈಗೆತ್ತಿಕೊಳ್ಳುವಷ್ಟರಲ್ಲಿ ದೂರವಾಣಿ ಮೊಳಗಿತು. ತಿ. ನರಸೀಪುರದಿಂದ ನನ್ನ ಅಕ್ಕ.

"ಏನೋ ಇದು? ನಿನ್ನ ಪುಟ ತೆಗೆದರೆ ಕೆಂಪು ಗುರುತು ಬರ್ತಾ ಇದೆ! ಯಾರೋ ಕಳ್ಳರು ನನ್ನ ಗುಟ್ಟು ಕದೀಬಹುದು ಅಂತ ಬರೆದಿದೆ. ಮೊಬೈಲು ಆಫ್ ಮಾಡಿ ದೇವರ ಮನೇಲಿಟ್ಟಿದ್ದೀನಿ. ಇದು ಮಗನ ಫೋನು."

ಅಕ್ಕನಿಗೆ ಸಮಾಧಾನ ಹೇಳಿ ಫೋನಿಡುವಷ್ಟರಲ್ಲಿ ಹಳೆಯ ವಿದ್ಯಾರ್ಥಿಯೊಬ್ಬನ ಕರೆ. ಹತ್ತು ಗಂಟೆಯೊಳಗೆ ಇನ್ನೂ ಇಬ್ಬರು. ಎಲ್ಲರದೂ ಒಂದೇ ದೂರು: ಮೇಷ್ಟ್ರ ತಾಣ ತೆರೆಯುತ್ತಿಲ್ಲ; ಸಂಪರ್ಕ ಸುರಕ್ಷಿತವಲ್ಲವೆಂದು ಬ್ರೌಸರ್ ಎಚ್ಚರಿಸುತ್ತಿದೆ.

ಇಲ್ಲಿಗೆ ಬಂದು ಹೋಗುವ ನಿಮಗೆಲ್ಲ ತಿಳಿದಿರುವಂತೆ ಈ ತಾಣಕ್ಕೆ ನಾಲ್ಕು ಬಾಗಿಲುಗಳಿವೆ. ನೆನಪಿನ ಬರಹಗಳದು ಒಂದು. ಹತ್ತನೆಯ ತರಗತಿಯ ಮಕ್ಕಳಿಗೆಂದು ಬರೆದ ವ್ಯಾಕರಣ, ಛಂದಸ್ಸಿನ ಟಿಪ್ಪಣಿಗಳದು ಎರಡನೆಯದು. ಹಳೆಯ ವಿದ್ಯಾರ್ಥಿಗಳ ವಿಳಾಸಪಟ್ಟಿ ಮೂರನೆಯದು. ನಮ್ಮ ಬಂಧುಬಳಗದ ವಂಶವೃಕ್ಷ ಮತ್ತು ಛಾಯಾಚಿತ್ರಗಳದು ನಾಲ್ಕನೆಯದು. ಇದಕ್ಕೆ ಮಾತ್ರ ಗುಪ್ತಪದ ಬೇಕು. ನಾಲ್ಕಕ್ಕೂ ಕುಲನಾಮ ಒಂದೇ, ಮುಂದಿನ ಪದ ಮಾತ್ರ ಬೇರೆ ಬೇರೆ. ಇವನ್ನು ಉಪತಾಣಗಳೆನ್ನುತ್ತಾರೆ. ಅಂದು ನಾಲ್ಕು ಬಾಗಿಲೂ ಒಟ್ಟಿಗೇ ಮುಚ್ಚಿದ್ದವು.

ಮಧ್ಯಾಹ್ನ, ಈ ತಾಣವನ್ನು ಕಟ್ಟಿಕೊಟ್ಟ ನನ್ನ ವಿದ್ಯಾರ್ಥಿ ಬೆಂಗಳೂರಿನಿಂದ ಮಾತನಾಡಿದ. "ತಪ್ಪು ನನ್ನದೇ ಸರ್. ಸರ್ಟಿಫಿಕೇಟಿನ ಅವಧಿ ನಿನ್ನೆ ರಾತ್ರಿ ಮುಗಿದಿದೆ. ನವೀಕರಿಸೋದು ಮರೆತುಬಿಟ್ಟೆ."

"ಒಂದು ಸರ್ಟಿಫಿಕೇಟು ಮುಗಿದರೆ ನಾಲ್ಕೂ ಬಾಗಿಲು ಯಾಕಪ್ಪ ಮುಚ್ಚಿದವು?"

"ನಾಲ್ಕಕ್ಕೂ ಒಂದೇ ಮೊಹರು ಸರ್. ವೈಲ್ಡ್‌ಕಾರ್ಡ್ ಅಂತಾರೆ."

ನಾಲ್ಕಕ್ಕೂ ಒಂದೇ ಮೊಹರು ಎಂಬ ಮಾತು ಕೇಳಿದೊಡನೆ ನನಗೆ 1996ರ ಒಂದು ಬೇಸಿಗೆ ನೆನಪಾಯಿತು. ಇಷ್ಟು ವರ್ಷ ಯಾರಿಗೂ ಹೇಳದಿದ್ದ ಸಂಗತಿಯದು. ಇಂದು ಹೇಳುತ್ತೇನೆ. ಅದಕ್ಕೆ ಮುನ್ನ, ಈ ಹೊಸ ಕಾಲದ ಮೊಹರಿನ ವಿಚಾರವಾಗಿ ಶಿಷ್ಯನಿಂದಲೇ ಪಾಠ ಹೇಳಿಸಿಕೊಂಡು ನಾನು ತಿಳಿದಷ್ಟನ್ನು ನಿಮ್ಮ ಮುಂದಿಡುತ್ತೇನೆ.

ನಮ್ಮ ಕಾಲದಲ್ಲಿ ಖಜಾನೆಯವರು ಶಾಲೆಯ ವೇತನದ ಬಿಲ್ಲನ್ನು ಪಾಸು ಮಾಡುವ ಮೊದಲು ಮುಖ್ಯೋಪಾಧ್ಯಾಯರ ಸಹಿಯನ್ನು ತಮ್ಮಲ್ಲಿದ್ದ ಮಾದರಿ ಸಹಿಯೊಡನೆ ಹೋಲಿಸಿ ನೋಡುತ್ತಿದ್ದರು. ಮಾದರಿ ಸಹಿ ಖಜಾನೆಯಲ್ಲಿರುತ್ತದೆ. ಅದನ್ನು ಯಾರು ನೋಡಿದರೂ ನಷ್ಟವಿಲ್ಲ. ಸಹಿ ಮಾಡುವ ಕೈ ಮಾತ್ರ ಒಬ್ಬರದೇ. ಜಾಲತಾಣದ ವ್ಯವಹಾರವೂ ಹೆಚ್ಚುಕಡಿಮೆ ಹೀಗೆಯೇ. ಪ್ರತಿ ತಾಣಕ್ಕೂ ಒಂದು ಜೋಡಿ ಕೀಲಿಗಳಿರುತ್ತವೆ. ಒಂದು ಬಹಿರಂಗದ ಕೀಲಿ, ಅದು ಮಾದರಿ ಸಹಿಯಂತೆ. ಇನ್ನೊಂದು ಗುಟ್ಟಿನ ಕೀಲಿ, ಅದು ಸಹಿ ಮಾಡುವ ಕೈಯಂತೆ. ನೀವು ತಾಣ ತೆರೆದಾಗ ನಿಮ್ಮ ಬ್ರೌಸರ್ ಆ ಕ್ಷಣಕ್ಕೆ ಹೊಸದಾದ ಒಂದು ಸಂಖ್ಯೆಯನ್ನು ಕಳಿಸುತ್ತದೆ. ತಾಣವು ಅದನ್ನೂ ಸೇರಿಸಿಕೊಂಡು ಗುಟ್ಟಿನ ಕೀಲಿಯಿಂದ ಸಹಿ ಹಾಕಿ ಉತ್ತರಿಸುತ್ತದೆ. ಬ್ರೌಸರ್ ಆ ಸಹಿಯನ್ನು ಬಹಿರಂಗದ ಕೀಲಿಯೊಡನೆ ತಾಳೆ ನೋಡುತ್ತದೆ. ತಾಳೆಯಾದರೆ ಇಬ್ಬರೂ ಸೇರಿ ಒಂದು ಗುಪ್ತಭಾಷೆಯನ್ನು ಗೊತ್ತುಮಾಡಿಕೊಂಡು ಮುಂದಿನ ಮಾತನ್ನೆಲ್ಲ ಅದರಲ್ಲೇ ಆಡುತ್ತಾರೆ. ನಡುದಾರಿಯಲ್ಲಿ ಕದ್ದು ಕೇಳುವವನಿಗೆ ಏನೂ ಅರ್ಥವಾಗದು.

ಆದರೆ ಆ ಮಾದರಿ ಸಹಿ ಇಂಥವರದೇ ಎಂದು ಹೇಳುವವರು ಯಾರು? ಅದಕ್ಕಾಗಿ ಪ್ರಮಾಣೀಕರಣ ಸಂಸ್ಥೆಗಳಿವೆ. "ಈ ಬಹಿರಂಗದ ಕೀಲಿ ಈ ಹೆಸರಿನ ತಾಣದ್ದು, ಇಂಥ ದಿನದವರೆಗೆ ಊರ್ಜಿತ" ಎಂದು ಅವು ಬರೆದುಕೊಡುವ ಪತ್ರವೇ ಎಸ್ಎಸ್ಎಲ್ ಪ್ರಮಾಣಪತ್ರ. ನೆಟ್‌ಸ್ಕೇಪ್ ಎಂಬ ಕಂಪನಿ ಈ ಪದ್ಧತಿಯನ್ನು 1995ರಲ್ಲಿ ಬಳಕೆಗೆ ತಂದಿತು. 1999ರಲ್ಲಿ ಅದರ ಪರಿಷ್ಕೃತ ರೂಪಕ್ಕೆ ಟಿಎಲ್ಎಸ್ ಎಂದು ಹೆಸರಾಯಿತು. ಇಂದು ನಡೆಯುತ್ತಿರುವುದು ಟಿಎಲ್ಎಸ್. ಬಾಯಲ್ಲಿ ಉಳಿದಿರುವುದು ಮಾತ್ರ ಎಸ್ಎಸ್ಎಲ್. ಮೈಸೂರು ಮೈಸೂರಾಗಿಯೇ ನಾಲಗೆಯಲ್ಲಿ ಉಳಿದಿರುವಂತೆ.

ನಮ್ಮ ಸರ್ಕಾರಿ ಪದ್ಧತಿಯಲ್ಲಿ 2014ರಿಂದೀಚೆಗೆ ಸ್ವಯಂ ದೃಢೀಕರಣಕ್ಕೆ ಮನ್ನಣೆ ಹೆಚ್ಚಿತು. ಅಂಕಪಟ್ಟಿಯ ನಕಲಿಗೆ ಅಭ್ಯರ್ಥಿಯೇ ಸಹಿ ಹಾಕಿದರಾಯಿತು, ಮೂಲಪ್ರತಿಯನ್ನು ಕೊನೆಗೆ ತೋರಿಸಿದರೆ ಸಾಕು. ಜಾಲತಾಣದಲ್ಲಿ ಆ ಸೌಲಭ್ಯವಿಲ್ಲ. ತನ್ನ ಪ್ರಮಾಣಪತ್ರಕ್ಕೆ ತಾನೇ ಸಹಿ ಹಾಕಿಕೊಂಡ ತಾಣವನ್ನು ಬ್ರೌಸರ್ ನಂಬುವುದಿಲ್ಲ. ಏಕೆಂದರೆ ಅಲ್ಲಿ ಮೂಲಪ್ರತಿ ಹಿಡಿದು ಎದುರಿಗೆ ಬಂದು ನಿಲ್ಲುವ ಅಭ್ಯರ್ಥಿಯೇ ಇಲ್ಲ.

ಇನ್ನು ವೈಲ್ಡ್‌ಕಾರ್ಡ್ ವಿಚಾರ. ಇದಕ್ಕೆ ನಮ್ಮೂರುಗಳ ಹೆಸರೇ ಒಳ್ಳೆಯ ಉದಾಹರಣೆ. ನಾನು ನರಸೀಪುರದಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಬಂಧುಗಳು ಬರೆದ ಎಷ್ಟೋ ಕಾಗದಗಳು ತಡವಾಗಿ ತಲುಪುತ್ತಿದ್ದವು. ಅವರು ಬರಿದೇ "ನರಸೀಪುರ" ಎಂದು ಬರೆದಿರುತ್ತಿದ್ದರು. ಕಾಗದ ಹಾಸನ ಜಿಲ್ಲೆಯ ಹೊಳೆನರಸೀಪುರವನ್ನು ಸುತ್ತಿಕೊಂಡು ಬರುತ್ತಿತ್ತು. ಕಾವೇರಿ, ಕಪಿಲೆಯರು ಸ್ಫಟಿಕ ಸರೋವರವೆಂಬ ಗುಪ್ತಗಾಮಿನಿಯೊಡನೆ ಕೂಡುವ ತಾಣವೆಂಬ ನಂಬಿಕೆಯಿಂದ ನಮ್ಮದು ತಿರುಮಕೂಡಲು ನರಸೀಪುರ. ಆ "ತಿ" ಎಂಬ ಒಂದಕ್ಷರ ಬಿಟ್ಟುಹೋದರೆ ಊರೇ ಬೇರೆ. ಅಂಚೆಯವರು ವಿಳಾಸವನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಾರೆ: ಮೊದಲು ರಾಜ್ಯ, ಆಮೇಲೆ ಜಿಲ್ಲೆ, ತಾಲ್ಲೂಕು, ಕೊನೆಗೆ ಊರು, ಬೀದಿ. ಜಾಲತಾಣದ ಹೆಸರನ್ನೂ ಬಾಲದಿಂದ ತಲೆಯ ಕಡೆಗೆ ಓದಬೇಕು. "ಸೇವಾಸಿಂಧು ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್" ಎಂಬುದನ್ನು ತೆಗೆದುಕೊಳ್ಳಿ. "ಇನ್" ಎಂದರೆ ಭಾರತ, "ಗವ್" ಎಂದರೆ ಸರ್ಕಾರ, ಆಮೇಲೆ ಕರ್ನಾಟಕ, ಅದರೊಳಗೆ ಸೇವಾಸಿಂಧು. ಪಹಣಿ ನೋಡುವ ತಾಣವೂ ನೋಂದಣಿ ಇಲಾಖೆಯ ಕಾವೇರಿ ತಾಣವೂ ಅದೇ "ಕರ್ನಾಟಕ ಡಾಟ್ ಗವ್ ಡಾಟ್ ಇನ್" ಎಂಬ ಹೆಸರಿನ ಒಳಗಿನ ಕೋಣೆಗಳು.

ಹೀಗೆ ಕೋಣೆಗಳು ಹೆಚ್ಚಾದಂತೆ ಒಂದೊಂದಕ್ಕೂ ಪ್ರತ್ಯೇಕ ಪ್ರಮಾಣಪತ್ರ ಮಾಡಿಸುವುದು ತ್ರಾಸವಾಗುತ್ತದೆ. ಆಗ ಊರಿನ ಹೆಸರಿರಬೇಕಾದ ಜಾಗದಲ್ಲಿ ಒಂದು ನಕ್ಷತ್ರಚಿಹ್ನೆ ಹಾಕಿ ಪ್ರಮಾಣಪತ್ರ ಪಡೆಯುತ್ತಾರೆ. ಇಸ್ಪೀಟಿನಲ್ಲಿ ಜೋಕರ್ ಯಾವ ಎಲೆಯ ಜಾಗಕ್ಕಾದರೂ ಸಲ್ಲುವಂತೆ, ನಕ್ಷತ್ರದ ಜಾಗದಲ್ಲಿ ಯಾವ ಪದ ಬಂದರೂ ಸಲ್ಲುತ್ತದೆ. "ನಕ್ಷತ್ರ, ತಿ. ನರಸೀಪುರ ತಾಲ್ಲೂಕು" ಎಂದು ಬರೆದಂತೆ ಎನ್ನಿ. ಬನ್ನೂರು, ಸೋಸಲೆ, ಮೂಗೂರು, ತಲಕಾಡು ಎಲ್ಲ ಹೋಬಳಿಗಳೂ ಅದರಡಿ ಬಂದವು. ಆದರೆ ಎರಡು ಮಿತಿಗಳಿವೆ. ನಕ್ಷತ್ರ ಒಂದೇ ಮೆಟ್ಟಿಲು ಇಳಿಯುತ್ತದೆ; ಹೋಬಳಿಗೆ ಸಲ್ಲುತ್ತದೆ, ಹೋಬಳಿಯೊಳಗಿನ ಹಳ್ಳಿಗೆ ಸಲ್ಲದು. ಅಲ್ಲದೆ, ಬರಿಯ ತಾಲ್ಲೂಕಿನ ಹೆಸರಿಗೂ ಅದು ತಾನಾಗಿ ಸಲ್ಲದು. ಆ ಮೂಲ ಹೆಸರನ್ನೂ ಅದೇ ಪತ್ರದಲ್ಲಿ ಬೇರೆಯಾಗಿ ಬರೆಸಿಕೊಳ್ಳಬೇಕು.

ಹಿಂದೆ ಇಂಥ ಪತ್ರಗಳಿಗೆ ಹಣ ತೆರಬೇಕಿತ್ತು. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭೋದ್ದೇಶವಿಲ್ಲದ ಸಂಸ್ಥೆ 2015ರ ಡಿಸೆಂಬರಿನಿಂದ ಸಾರ್ವಜನಿಕರಿಗೆಲ್ಲ ಉಚಿತವಾಗಿ ಕೊಡತೊಡಗಿತು. 2018ರ ಮಾರ್ಚಿನಿಂದ ನಕ್ಷತ್ರದ ಪತ್ರವನ್ನೂ ಕೊಟ್ಟಿತು. ಅದೇ ವರ್ಷದ ಜುಲೈನಿಂದ ಕ್ರೋಮ್ ಬ್ರೌಸರ್ ಪ್ರಮಾಣಪತ್ರವಿಲ್ಲದ ತಾಣಗಳನ್ನೆಲ್ಲ ಸುರಕ್ಷಿತವಲ್ಲವೆಂದು ತೋರಿಸಲಾರಂಭಿಸಿದ್ದರಿಂದ ನಮ್ಮಂಥ ಬಡ ತಾಣಗಳಿಗೆ ಈ ಉಚಿತ ವ್ಯವಸ್ಥೆಯೇ ಗತಿಯಾಯಿತು. ಒಂದೇ ಹೆಸರಿಗಾದರೆ, ತಾಣದೊಳಗೆ ಸಂಸ್ಥೆ ಹೇಳಿದ ಕಡತವೊಂದನ್ನು ಇಟ್ಟು ತೋರಿಸಿದರೂ ಸಾಕು. ನಕ್ಷತ್ರ ಬೇಕೆಂದರೆ ಅಷ್ಟು ಸಾಲದು. ಹೆಸರಿನ ದಾಖಲೆಯಲ್ಲಿಯೇ ಅವರು ಹೇಳಿದ ಒಂದು ಪದವನ್ನು ಬರೆದು ತೋರಿಸಬೇಕು. ಒಂದು ಮನೆಯ ಹಕ್ಕಿಗೆ ಮನೆಬಾಗಿಲಲ್ಲಿ ಚೀಟಿ ಅಂಟಿಸಿದರೆ ಸಾಕು, ಇಡೀ ಊರಿನ ಹಕ್ಕಿಗೆ ಪಂಚಾಯಿತಿಯ ಸೂಚನಾ ಫಲಕದಲ್ಲೇ ಬರೆಯಬೇಕು ಎಂದಂತೆ. ಈ ಬರೆಯುವ ಕೆಲಸವನ್ನು ನನ್ನ ಶಿಷ್ಯ ಯಂತ್ರಕ್ಕೆ ಒಪ್ಪಿಸದೆ ಮೂರು ತಿಂಗಳಿಗೊಮ್ಮೆ ತಾನೇ ಕೈಯಾರೆ ಮಾಡುತ್ತಿದ್ದ. ಈ ಸಲ ಮನೆಯಲ್ಲಿ ಮಗು ಹುಟ್ಟಿದ ಸಂಭ್ರಮದಲ್ಲಿ ಮರೆತ. ಅವನನ್ನು ನಾನು ಹೇಗೆ ಬಯ್ಯಲಿ?

ಅವನನ್ನು ಬಯ್ಯಲು ನನಗೆ ಬಾಯಿಲ್ಲದಿರುವುದಕ್ಕೆ ಬೇರೆ ಕಾರಣವೂ ಇದೆ. ಈಗ 1996ಕ್ಕೆ ಬರುತ್ತೇನೆ.

ಆಗ ನಾನು ನರಸೀಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಸಹಶಿಕ್ಷಕ. ಮುಖ್ಯೋಪಾಧ್ಯಾಯರ ಹುದ್ದೆ ಖಾಲಿಯಿದ್ದುದರಿಂದ ಪ್ರಭಾರ ನನ್ನದೇ. ದುಂಡು ಮೊಹರು, ಅದರ ಮಸಿಮೆತ್ತೆ, ಮೇಜಿನ ಖಾನೆಯ ಬೀಗದ ಕೈ ಎಲ್ಲ ನನ್ನ ವಶ. ಏಪ್ರಿಲ್‌ನಲ್ಲಿ ಎಸ್ಎಸ್ಎಲ್‌ಸಿ ಮೌಲ್ಯಮಾಪನಕ್ಕೆಂದು ಮೈಸೂರಿಗೆ ಹೋಗಬೇಕಾಯಿತು. ವ್ಯಾಸಂಗ ಪ್ರಮಾಣಪತ್ರ ಕೇಳಿಕೊಂಡು ದೂರದ ಹಳ್ಳಿಗಳಿಂದ ಹಳೆಯ ಮಕ್ಕಳು ಬರುವ ಕಾಲ ಅದು. ಬಸ್ಸಿನ ಕಾಸು ಕಳೆದುಕೊಂಡು ಬರಿಗೈಯಲ್ಲಿ ಹಿಂದಿರುಗಬಾರದೆಂದು, ಐದು ಖಾಲಿ ನಮೂನೆಗಳಿಗೆ ಸಹಿ ಮಾಡಿ, ಮೊಹರೊತ್ತಿ, ಖಾನೆಯಲ್ಲಿಟ್ಟು, "ದಾಖಲಾತಿ ಪುಸ್ತಕ ನೋಡಿ ತುಂಬಿಕೊಡಿ" ಎಂದು ಬೀಗದ ಕೈಯನ್ನು ಬಿಟ್ಟುಹೋದೆ. ಉಪಕಾರವೆಂದೇ ಭಾವಿಸಿದ್ದೆ. ಮಕ್ಕಳ ಮೇಲಿನ ಮಮತೆಯಷ್ಟೇ ನನ್ನ ಸೋಮಾರಿತನವೂ ಅದರಲ್ಲಿತ್ತೆಂದು ಈಗ ಅನ್ನಿಸುತ್ತದೆ.

ಹಿಂದಿರುಗಿದಾಗ ಐದೂ ಖರ್ಚಾಗಿದ್ದವು. ನಾಲ್ಕಕ್ಕೆ ಮಾತ್ರ ಪುಸ್ತಕದಲ್ಲಿ ಲೆಕ್ಕವಿತ್ತು. ಐದನೆಯದು ಜುಲೈನಲ್ಲಿ ಪತ್ತೆಯಾಯಿತು. ನಮ್ಮ ಶಾಲೆಯ ಹೊಸ್ತಿಲನ್ನೇ ತುಳಿಯದ ಹುಡುಗನೊಬ್ಬ ಇಲ್ಲಿ ಮೂರು ವರ್ಷ ಓದಿದ್ದಾನೆಂದು ಅದರಲ್ಲಿ ಬರೆದಿತ್ತು. ಕೆಳಗೆ ನನ್ನ ಅಸಲಿ ಸಹಿ, ಅಸಲಿ ಮೊಹರು. ಬರೆದವರು ಯಾರೆಂಬುದು ಗೊತ್ತಾಗಲಿಲ್ಲ. ಗೊತ್ತಾಗಿದ್ದರೂ ನನ್ನ ಹೊಣೆ ಕಡಿಮೆಯಾಗುತ್ತಿರಲಿಲ್ಲ. ಬೀಗದ ಕೈ ಕೊಟ್ಟವನು ನಾನು.

ನನಗೆ ಮೇಲಿನವರಿಂದ ಒಂದು ಛೀಮಾರಿ ಬಂತು, ಅಷ್ಟೇ. ದೊಡ್ಡ ಪೆಟ್ಟು ಬೇರೆಯವರಿಗೆ ಬಿತ್ತು. ದಾಖಲೆ ಪರಿಶೀಲಿಸುತ್ತಿದ್ದ ಕಚೇರಿಯವರು, ಆ ವರ್ಷ ಅದೇ ಮೊಹರಿನಲ್ಲಿ ಬಂದ ಎಲ್ಲ ಪತ್ರಗಳನ್ನೂ ತಡೆಹಿಡಿದರು. ಅವರದು ತಪ್ಪೆಂದು ಹೇಳಲಾರೆ. ಮೊಹರು ಒಂದೇ ಆದಾಗ ಯಾವುದು ಸಾಚಾ, ಯಾವುದು ಖೋಟಾ ಎಂದು ಅವರು ಹೇಗೆ ತಿಳಿದಾರು? ಹಾಗೆ ತಡೆಹಿಡಿದವುಗಳಲ್ಲಿ ಮೂಗೂರಿನ ಕಡೆಯ ಹುಡುಗಿಯೊಬ್ಬಳ ಪತ್ರವೂ ಇತ್ತು. ಅವಳಿಗೆ ಟಿಸಿಎಚ್ ತರಬೇತಿಯ ಸೀಟು ಸಿಕ್ಕಿತ್ತು. ನಾನು ದಾಖಲಾತಿ ಪುಸ್ತಕವನ್ನೇ ಕಂಕುಳಲ್ಲಿಟ್ಟುಕೊಂಡು ಮೂರು ಬಾರಿ ಮೈಸೂರಿಗೆ ಅಲೆದೆ. ಅವಳ ಪತ್ರ ಸಾಚಾ ಎಂದು ತೀರ್ಮಾನವಾಗುವ ವೇಳೆಗೆ ಪ್ರವೇಶದ ಗಡುವು ಮುಗಿದಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಒಂದು ವರ್ಷ ಅವಳು ಕೂಲಿಗೆ ಹೋದಳೆಂದು ಆಮೇಲೆ ತಿಳಿಯಿತು. ಮರುವರ್ಷ ಸೇರಿ ಶಿಕ್ಷಕಿಯಾದಳು. "ವೆರಿಫಿಕೇಷನ್ ತಡವಾಯಿತು" ಎಂಬುದಷ್ಟೇ ಅವಳಿಗೆ ಗೊತ್ತಿತ್ತು. ಏಕೆ ತಡವಾಯಿತೆಂದು ನಾನು ಹೇಳಲಿಲ್ಲ.

ಆದ್ದರಿಂದಲೇ ಶಿಷ್ಯನನ್ನು ನಾನು ಮೊದಲು ಕೇಳಿದ್ದು ಇದು: "ಗುಟ್ಟಿನ ಕೀಲಿ ಎಲ್ಲೆಲ್ಲಿದೆಯಪ್ಪ?" ಅವನು ಒಂದು ಕ್ಷಣ ಸುಮ್ಮನಿದ್ದು ಹೇಳಿದ: "ಎರಡು ಯಂತ್ರಗಳಲ್ಲಿದೆ ಸರ್. ಮೂರು ಪುಟಗಳು ಒಂದು ಕಡೆ, ಆಲ್ಬಂ ಇನ್ನೊಂದು ಕಡೆ. ನಕ್ಷತ್ರ ಒಂದೇ ಆದ್ದರಿಂದ ಎರಡೂ ಕಡೆ ಅದೇ ಕೀಲಿಯನ್ನು ನಕಲು ಮಾಡಿ ಇಟ್ಟಿದ್ದೀನಿ."

ಅಪಾಯ ಇಲ್ಲೇ ಇದೆ. ಎರಡರಲ್ಲಿ ಯಾವ ಯಂತ್ರ ಕಳ್ಳನ ಕೈಗೆ ಸಿಕ್ಕರೂ ಆ ಕೀಲಿಯಿಂದ ಅವನು ನಾಲ್ಕರಲ್ಲಿ ಯಾವ ಬಾಗಿಲಿನ ವೇಷವನ್ನಾದರೂ ಹಾಕಬಲ್ಲ. ನೋಡುಗರನ್ನು ಹೇಗಾದರೂ ದಾರಿ ತಪ್ಪಿಸಿ ತನ್ನ ಯಂತ್ರಕ್ಕೆ ಕರೆದೊಯ್ದರೆ, ಬ್ರೌಸರ್ ಚಕಾರವೆತ್ತುವುದಿಲ್ಲ. ಸಹಿ ಅಸಲಿ, ಮೊಹರು ಅಸಲಿ. ಗೊತ್ತಾದ ಮೇಲೆ ಪ್ರಮಾಣಪತ್ರವನ್ನು ರದ್ದುಪಡಿಸಿದರೆ, ಏನೂ ತಪ್ಪು ಮಾಡದ ಪುಟಗಳೂ ಜೊತೆಯಲ್ಲೇ ರದ್ದು, ಮೂಗೂರಿನ ಹುಡುಗಿಯ ಪತ್ರದಂತೆ.

ನಮ್ಮಂಥವರಿಗಷ್ಟೇ ಅಲ್ಲ, ಮೊಹರು ಕೊಡುವ ದೊಡ್ಡವರಿಗೂ ಈ ವಿಪತ್ತು ಬಂದದ್ದುಂಟು. 2011ರಲ್ಲಿ ಹಾಲೆಂಡಿನ ಡಿಜಿನೋಟರ್ ಎಂಬ ಪ್ರಮಾಣೀಕರಣ ಸಂಸ್ಥೆಯೊಳಗೆ ನುಗ್ಗಿದ ಕಳ್ಳರು ಗೂಗಲ್ ಹೆಸರಿಗೆ ನಕ್ಷತ್ರದ ಖೋಟಾ ಪತ್ರವನ್ನೇ ಮಾಡಿಕೊಂಡರು. ಇರಾನಿನ ಜನರ ಮಿಂಚಂಚೆಯನ್ನು ಕದ್ದು ನೋಡಲು ಅದು ಬಳಕೆಯಾಯಿತು. ಬ್ರೌಸರ್‌ಗಳೆಲ್ಲ ಆ ಸಂಸ್ಥೆಯನ್ನು ಕೈಬಿಟ್ಟವು. ಸೆಪ್ಟೆಂಬರಿನಲ್ಲಿ ಅದು ದಿವಾಳಿಯೆದ್ದಿತು. ನಮ್ಮ ದೇಶದಲ್ಲಿ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯಂತೆ ಇಂಥ ಸಂಸ್ಥೆಗಳ ಮೇಲೆ ಒಬ್ಬ ನಿಯಂತ್ರಕರಿದ್ದಾರೆ. 2014ರ ಜುಲೈನಲ್ಲಿ, ಅವರಡಿಯ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಹೆಸರಿನಲ್ಲಿ ಗೂಗಲ್ ತಾಣಗಳಿಗೆ ಅನಧಿಕೃತ ಪತ್ರಗಳು ಹೊರಟಿರುವುದು ಪತ್ತೆಯಾಯಿತು. ಕೇಂದ್ರದ ಪತ್ರ ನೀಡುವ ವ್ಯವಸ್ಥೆಗೇ ಕನ್ನ ಬಿದ್ದಿತ್ತೆಂದು ನಿಯಂತ್ರಕರು ತಿಳಿಸಿ, ಕೇಂದ್ರದ ಅಧಿಕಾರಪತ್ರಗಳನ್ನು ರದ್ದುಪಡಿಸಿದರು. ಗೂಗಲ್ ಅಷ್ಟಕ್ಕೇ ಬಿಡದೆ, ನಿಯಂತ್ರಕರ ಮೂಲಪತ್ರವನ್ನೇ ತನ್ನ ಬ್ರೌಸರಿನಲ್ಲಿ ಕೆಲವು ಭಾರತೀಯ ಹೆಸರುಗಳಿಗೆ ಮಾತ್ರ ಸೀಮಿತಗೊಳಿಸಿತು. ಅಷ್ಟು ದೊಡ್ಡ ಕಚೇರಿಗೂ ಐದನೆಯ ಖಾಲಿ ನಮೂನೆ ಇದ್ದೇ ಇರುತ್ತದೆ.

ಅಂದು ಸಂಜೆ ನಾವಿಬ್ಬರೂ ಕೂತು ಮೂರು ಕೆಲಸ ಮಾಡಿದೆವು. ಮೊದಲನೆಯದು, ಮೂರು ಬಹಿರಂಗ ಪುಟಗಳಿಗೆ ಹೊಸ ಕೀಲಿಯೊಡನೆ ಹೊಸ ನಕ್ಷತ್ರಪತ್ರ ಪಡೆದು, ಆ ಕೀಲಿ ಒಂದೇ ಯಂತ್ರದಲ್ಲಿರುವಂತೆ ಮಾಡಿದೆವು. ಎರಡನೆಯದು, ಬಂಧುಗಳ ಆಲ್ಬಮ್ಮನ್ನು ಒಂದು ಮೆಟ್ಟಿಲು ಕೆಳಗಿನ ಹೆಸರಿಗೆ ಸಾಗಿಸಿ ಅದಕ್ಕೆ ಬೇರೆಯೇ ಪ್ರಮಾಣಪತ್ರ ಮಾಡಿಸಿದೆವು. ನಕ್ಷತ್ರ ಎರಡು ಮೆಟ್ಟಿಲು ಇಳಿಯದೆಂಬ ಮಿತಿಯೇ ಇಲ್ಲಿ ನಮಗೆ ಕಾವಲಾಯಿತು; ನಾಳೆ ನಕ್ಷತ್ರದ ಕೀಲಿ ಕಳುವಾದರೂ ಆಲ್ಬಮ್ಮಿನ ವೇಷ ಹಾಕಲು ಅದು ಒದಗದು. ಮೂರನೆಯದು, ನವೀಕರಣವನ್ನು ಯಂತ್ರಕ್ಕೇ ಒಪ್ಪಿಸಿದೆವು. ಪ್ರಮಾಣಪತ್ರಗಳ ಗರಿಷ್ಠ ಅವಧಿಯನ್ನು ಹಂತಹಂತವಾಗಿ ತಗ್ಗಿಸಿ 2029ರ ಮಾರ್ಚ್ ವೇಳೆಗೆ 47 ದಿನಗಳಿಗೆ ಇಳಿಸಬೇಕೆಂದು 2025ರಲ್ಲೇ ತೀರ್ಮಾನವಾಗಿರುವಾಗ, ಕೈಯಾರೆ ಮಾಡುವ ಕೆಲಸ ಮುಂದೆ ನಡೆಯುವಂತೆಯೂ ಇಲ್ಲ. ಆದರೂ ಗೋಡೆಯ ಕ್ಯಾಲೆಂಡರಿನಲ್ಲಿ ನಾನು ಆ ದಿನಗಳಿಗೆ ಕೆಂಪು ಶಾಯಿಯಿಂದ ಗೆರೆ ಎಳೆದಿದ್ದೇನೆ.

ಬಂಧುಗಳೆಲ್ಲರಿಗೂ ಒಂದು ಮಾತು. ಮೊಹರು ಹೆಸರಿಗೆ ಸಾಕ್ಷಿಯೇ ಹೊರತು ಗುಣಕ್ಕಲ್ಲ. ನಕಲು ಸರಿಯಿದೆಯೆಂದು ನಾನು ಸಾವಿರಾರು ಅಂಕಪಟ್ಟಿಗಳಿಗೆ ಸಹಿ ಹಾಕಿದ್ದೇನೆ. ಅದು ಹುಡುಗನ ನಡತೆಗೆ ಕೊಟ್ಟ ಮಾತಲ್ಲ, ಅದಕ್ಕೆ ಗುಣನಡತೆಯ ಪತ್ರವೇ ಬೇರೆ. ಕಳ್ಳನೂ ತನ್ನದೇ ಹೆಸರಿನ ತಾಣಕ್ಕೆ ಪ್ರಮಾಣಪತ್ರ ಪಡೆಯಬಹುದು. 2022ರಲ್ಲಿ ನಮ್ಮ ಬೀದಿಯ ನಿವೃತ್ತ ನೌಕರರೊಬ್ಬರು, ಬಿಲ್ಲು ಕಟ್ಟದಿದ್ದರೆ ರಾತ್ರಿಯೇ ಕರೆಂಟು ಕಡಿಯುತ್ತೇವೆಂಬ ಸಂದೇಶ ನಂಬಿ ಪಿಂಚಣಿಯ ಹಣ ಕಳೆದುಕೊಂಡರು. "ಬೀಗದ ಗುರುತು ಇತ್ತಲ್ಲ ಮೇಷ್ಟ್ರೇ" ಎಂದು ಕಣ್ಣೀರಿಟ್ಟರು. ಬೀಗ ಕಂಡೊಡನೆ ಜನ ಹೀಗೆ ನಂಬಿಬಿಡುತ್ತಾರೆಂದೇ 2023ರ ಸೆಪ್ಟೆಂಬರಿನಲ್ಲಿ ಕ್ರೋಮ್ ಆ ಬೀಗದ ಚಿತ್ರವನ್ನು ತೆಗೆದು ಬೇರೆ ಚಿಹ್ನೆ ಹಾಕಿತು. ಆದ್ದರಿಂದ ಹಣ ಕಟ್ಟುವ ಮುನ್ನ, ಗುಪ್ತಪದ ಬರೆಯುವ ಮುನ್ನ, ಹೆಸರನ್ನು ಬಾಲದಿಂದ ಓದಿ. ಮುಂದೆ ಕರ್ನಾಟಕವೆಂದಿದ್ದು ಕೊನೆಯಲ್ಲಿ ಗುರುತುಪರಿಚಯವಿಲ್ಲದ ಹೆಸರಿದ್ದರೆ, ಅದು ಹೊಳೆನರಸೀಪುರಕ್ಕೆ ಹೋಗುವ ಕಾಗದ. ಇನ್ನು, ಕೆಂಪು ಎಚ್ಚರಿಕೆ ಬಂದಾಗ ಅಕ್ಕ ಮಾಡಿದ್ದೇ ಸರಿ: ಮುಂದುವರಿಯದೆ ನಿಲ್ಲಿಸಿ, ಫೋನು ಮಾಡಿ ಕೇಳುವುದು.

ಕೊನೆಯದಾಗಿ ಒಬ್ಬಳಿಗೆ ಮಾತ್ರ ಒಂದು ಮಾತು. 2019ರಲ್ಲಿ ನನ್ನ ಬೀಳ್ಕೊಡುಗೆಯ ದಿನ ನೀನು ನಿನ್ನ ಶಾಲೆಗೆ ರಜೆ ಹಾಕಿ ಬಂದು ನನಗೆ ಶಾಲು ಹೊದಿಸಿದೆ. "ನಿಮ್ಮಿಂದಲೇ ನಾನು ಮೇಡಂ ಆದೆ ಸರ್" ಎಂದೆ. ಆಗ ಹೇಳಬೇಕಿತ್ತು, ಬಾಯಿ ಬರಲಿಲ್ಲ. ನೀನು ಈ ಪುಟಗಳನ್ನು ಓದುತ್ತೀಯೆಂದು ಬಲ್ಲೆ. ನಿನ್ನ ಆ ಒಂದು ವರ್ಷ ಹೋದದ್ದು ಯಾವ ಕಚೇರಿಯ ತಡದಿಂದಲೂ ಅಲ್ಲ. ನಾನು ಬಿಟ್ಟುಹೋದ ಬೀಗದ ಕೈಯಿಂದ. ಕ್ಷಮಿಸಮ್ಮ. ಈಗ ನಿನ್ನ ಕೈಯಲ್ಲೂ ಒಂದು ಮೊಹರು ಇರಬಹುದು. ಖಾಲಿ ಹಾಳೆಯ ಮೇಲೆ ಅದನ್ನು ಎಂದೂ ಒತ್ತಬೇಡ.

ನರಸೀಪುರಕ್ಕೆ ಬಂದಾಗ ನಂಜನಗೂಡಿಗೂ ಬಂದು ಹೋಗು. ಮನೆಯ ಬಾಗಿಲು ತೆರೆದೇ ಇರುತ್ತದೆ.